ಹಳೆಯ ಲಾರಿಗೆ ಮೀಟರ್ ಫಲಕ: ಮಿತವ್ಯಯ ಮತ್ತು ಲೆಕ್ಕಪತ್ರ

ಒಂದೆರಡು ಹಳೆಯ ಲಾರಿಗಳನ್ನೇ ನಂಬಿದ ಸಾಗಾಣಿಕೆದಾರರ ಲೆಕ್ಕಪುಸ್ತಕದಲ್ಲಿ ಡೀಸೆಲ್, ಟೈರು, ವಿಮೆಗಳಿಗೆ ಪ್ರತ್ಯೇಕ ಖಾತೆಗಳಿರುತ್ತವೆ. ಕೆಟ್ಟ ಮೀಟರುಗಳಿಂದಾಗುವ ನಷ್ಟಕ್ಕೆ ಖಾತೆಯಿರುವುದಿಲ್ಲ. ಆಯಿಲ್ ಒತ್ತಡ ಇಳಿದುದು ಚಾಲಕನಿಗೆ ತಿಳಿಯದೆ ಇಂಜಿನ್ ಸೀಜ್ ಆದರೆ, ದುರಸ್ತಿಯ ಬಿಲ್ಲಿನೊಂದಿಗೆ ಲಾರಿ ನಿಂತ ದಿನಗಳ ಸಾಲದ ಕಂತು, ವೇತನ ಮತ್ತು ವಿಮೆಯ ಹೊರೆಯನ್ನೂ ಮಾಲೀಕನೇ ಹೊರಬೇಕಾಗುತ್ತದೆ. ಮೂಲ ಫಲಕ ದೊರೆಯದಿದ್ದಲ್ಲಿ ಬಿಡಿ ಮೀಟರುಗಳಿಂದ ಗ್ಯಾರೇಜಿನಲ್ಲಿಯೇ ಫಲಕ ರಚಿಸಿಕೊಳ್ಳುವುದು ಮಿತವ್ಯಯದ ಮಾರ್ಗ.

1. ಯಾವುದು ಮೊದಲು?

ಹಣ ಮಿತವಾಗಿರುವಾಗ ಆಯಿಲ್ ಒತ್ತಡ, ನೀರಿನ ಉಷ್ಣತೆ ಮತ್ತು ಏರ್ ಬ್ರೇಕ್ ಇದ್ದಲ್ಲಿ ಗಾಳಿಯ ಒತ್ತಡ, ಇವುಗಳ ಮೀಟರುಗಳಿಗೆ ಪ್ರಥಮ ಸ್ಥಾನ. ಬ್ಯಾಟರಿ ಚಾರ್ಜ್ ಹಾಗೂ ಡೀಸೆಲ್ ಮಟ್ಟದವು ನಂತರದವು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 117ನೇ ನಿಯಮದಂತೆ ಸ್ಪೀಡೋಮೀಟರ್ ಇರಲೇಬೇಕಾದುದರಿಂದ ಹಳೆಯದನ್ನೇ ದುರಸ್ತಿಗೊಳಿಸಿ ಉಳಿಸಿಕೊಳ್ಳುವುದು ಲೇಸು. ಅದರ ಕಿಲೋಮೀಟರ್ ಲೆಕ್ಕವೇ ಡೀಸೆಲ್ ವೆಚ್ಚದ ಪರಿಶೀಲನೆಗೂ ಆಧಾರ.

2. ಜೋಡಣೆ

ಅಲ್ಯೂಮಿನಿಯಂ ತಗಡಿನಲ್ಲಿ ರಂಧ್ರ ಕೊರೆದು ಮೀಟರುಗಳನ್ನು ಕೂರಿಸಬಹುದು. ಲಾರಿಯ ವಿದ್ಯುತ್ 12 ವೋಲ್ಟೋ 24 ವೋಲ್ಟೋ ಎಂಬುದನ್ನು ಖರೀದಿಗೆ ಮುನ್ನವೇ ಖಚಿತಪಡಿಸಿಕೊಳ್ಳತಕ್ಕದ್ದು. ವಿದ್ಯುತ್ ಮೀಟರ್ ಮತ್ತು ಇಂಜಿನ್ನಿಗೆ ಜೋಡಿಸುವ ಸೆಂಡರ್ ಒಂದಕ್ಕೊಂದು ಹೊಂದುವ ಜೋಡಿಯಾಗಿರಬೇಕು. ಇಲ್ಲವಾದಲ್ಲಿ ಮುಳ್ಳು ಚಲಿಸಿದರೂ ಅಂಕಿ ಸುಳ್ಳಾಗುತ್ತದೆ. ಒಂದೇ ತಂತಿಯ ಸೆಂಡರಿಗೆ ಅದರ ಮರೆಯೇ ಅರ್ತ್ ಆದುದರಿಂದ ಅಲ್ಲಿ ಟೇಪು ದಪ್ಪವಾಗಿ ಸುತ್ತಬಾರದು. ವಿದ್ಯುತ್ ತಂತಿಗೆ ಫ್ಯೂಸ್ ಅವಶ್ಯ. ಉಷ್ಣತೆಯ ಸೆಂಡರನ್ನು ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸಬಹುದು. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿ ಕುದಿಯುತ್ತದೆಂಬುದು ನೆನಪಿರಲಿ. ರೇಡಿಯೇಟರ್ ಬರಿದಾದರೆ ಸೆಂಡರಿಗೆ ನೀರೇ ತಾಗದೆ ಉಷ್ಣತೆಯ ಮುಳ್ಳು ಇಳಿದು ಮೋಸಗೊಳಿಸಬಹುದು. ಆದುದರಿಂದ ಅದೊಂದನ್ನೇ ನಂಬುವುದು ತರವಲ್ಲ.

3. ಲೆಕ್ಕಪತ್ರ

ಕೆಟ್ಟ ಮೀಟರುಗಳ ಬದಲಿಗೆ ಹಾಕಿದ ಫಲಕ ಸ್ವತಂತ್ರ ಆಸ್ತಿಯಲ್ಲ. ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿಡುವ ವೆಚ್ಚವೇ ಚಾಲ್ತಿ ದುರಸ್ತಿ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ (2007) ಎತ್ತಿಹಿಡಿದಿದೆ. ಅದರಂತೆ ಬಿಡಿಭಾಗ ಮತ್ತು ಕೂಲಿಯನ್ನು ದುರಸ್ತಿ ಖಾತೆಗೆ ಖರ್ಚು ಬರೆಯಬಹುದು. ಬಿಲ್ಲು, ವೋಚರುಗಳಲ್ಲಿ ಲಾರಿಯ ನೋಂದಣಿ ಸಂಖ್ಯೆ ನಮೂದಾಗಿರಬೇಕು. ಮಾಲೀಕನ ಸ್ವಂತ ಶ್ರಮಕ್ಕೆ ಖರ್ಚು ಬರೆಯುವಂತಿಲ್ಲ. ಸಂಬಳದ ಚಾಲಕ ನೆರವಾದರೆ ಆ ವೇತನವನ್ನು ಎರಡು ಬಾರಿ ಬರೆಯಬಾರದು.

10ಕ್ಕಿಂತ ಹೆಚ್ಚಿಲ್ಲದ ಸರಕು ವಾಹನಗಳ ಮಾಲೀಕರು ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ಕಟ್ಟುತ್ತಿದ್ದರೆ ಈ ವೆಚ್ಚಕ್ಕೆ ಪ್ರತ್ಯೇಕ ಕಡಿತ ದೊರೆಯದು. ಅಂಥವರಿಗೆ ಫಲಕದ ಲಾಭ ತೆರಿಗೆಯಲ್ಲಿಲ್ಲ, ಉಳಿದ ಇಂಜಿನ್ನಿನಲ್ಲಿದೆ. ಮುಳ್ಳು ಇಳಿದೊಡನೆ ಲಾರಿ ನಿಲ್ಲಿಸಲು ಚಾಲಕನಿಗೆ ಅನುಮತಿಯೂ ಇರಬೇಕು. ಬಾಡಿಗೆ ತಪ್ಪೀತೆಂದು ಓಡಿಸುವಂತೆ ಮಾಲೀಕನೇ ಒತ್ತಾಯಿಸಿದರೆ ಫಲಕಕ್ಕೆ ಹಾಕಿದ ಹಣ ವ್ಯರ್ಥ.