ಎರಡು ಚೌಕಗಳ ನಡುವೆ

ಬೆಂಗಳೂರಿನ ದಕ್ಷಿಣ ಭಾಗದ ಜಯನಗರ, ಬನಶಂಕರಿ ಮೊದಲಾದ ಬಡಾವಣೆಗಳ ಉದ್ಯಾನಗಳಲ್ಲಿ ಬೆಳಗಿನ ಹೊತ್ತು ಬಿಳಿಯ ಉಡುಪು ಧರಿಸಿ ಕರಾಟೆ ಕಲಿಯುವ ಮಕ್ಕಳನ್ನು ಕಾಣಬಹುದು. ಹೊಸದಾಗಿ ಸೇರಿದವರ ಮನಸ್ಸಿನಲ್ಲಿ ಗಾಳಿಯಲ್ಲಿ ನೆಗೆದು ಒದೆಯುವ ಆಸೆ ತುಂಬಿರುತ್ತದೆ. ಆದರೆ ಗುರು ಮೊದಲು ಕಲಿಸುವುದು ನೆಗೆಯುವುದನ್ನಲ್ಲ, ನಿಲ್ಲುವುದನ್ನು. ಕಾಲುಗಳನ್ನು ಎಷ್ಟು ಅಗಲಿಸಬೇಕು, ಉಸಿರನ್ನು ಹೇಗೆ ಬಿಡಬೇಕು, ಎದುರು ನಿಂತವನಿಗೆ ಹೇಗೆ ವಂದಿಸಬೇಕು ಎಂಬುವೇ ಮೊದಲ ಪಾಠಗಳು. ಮಕ್ಕಳಲ್ಲಿ ನೆಗೆಯುವ ಆಸೆಯನ್ನು ಹುಟ್ಟಿಸುವುದರಲ್ಲಿ ಚಿತ್ರಕಥೆಗಳ ಪಾಲೂ ಇದೆ. ಆ ಕಥೆಗಳಲ್ಲಿಯೂ ಒಬ್ಬ ಗುರು ಇರುವುದುಂಟು. ಆದರೆ ನಾಯಕನ ಸಾಹಸದಲ್ಲಿ ಮುಳುಗಿದ ಓದುಗರ ಕಣ್ಣು ಅವನ ಮೇಲೆ ನಿಲ್ಲುವುದು ಅಪರೂಪ.

ಅಮೆರಿಕದಲ್ಲಿ 1938ರಲ್ಲಿ ಪ್ರಕಟವಾದ ಸೂಪರ್‌ಮ್ಯಾನ್ ಕಥೆಯ ನಾಯಕನಿಗೆ ಗುರುವಿನ ಅಗತ್ಯವಿರಲಿಲ್ಲ. ಅವನು ಬೇರೊಂದು ಗ್ರಹದಲ್ಲಿ ಹುಟ್ಟಿದವನು. ಶಕ್ತಿ ಅವನಿಗೆ ಹುಟ್ಟಿನಿಂದಲೇ ದೊರೆತ ವರ. ಮುಂದೆ ಬೇರೆ ಬಗೆಯ ನಾಯಕರೂ ಬಂದರು. 1973ರಲ್ಲಿ ಬ್ರೂಸ್ ಲೀಯ ಚಲನಚಿತ್ರಗಳು ಜಗತ್ತಿನಾದ್ಯಂತ ಸಂಚಲನವನ್ನುಂಟುಮಾಡಿದಾಗ, ಕೈಕಾಲುಗಳ ಕಲೆಯನ್ನೇ ನಂಬಿದ ವೀರರು ಚಿತ್ರಕಥೆಗಳ ಪುಟಗಳಲ್ಲಿಯೂ ಕಾಣಿಸಿಕೊಂಡರು. ಕಲೆ ಎಂದ ಮೇಲೆ ಕಲಿಕೆ ಬೇಕು. ಕಲಿಕೆ ಎಂದ ಮೇಲೆ ಕಲಿಸುವವನೂ ಬೇಕು.

ಇಂತಹ ಗುರುಗಳಲ್ಲಿ ಸ್ಟಿಕ್ ಎಂಬುವನು ಗಮನಾರ್ಹನು. ಆ ಹೆಸರಿಗೆ ಕೋಲು ಎಂದರ್ಥ. 1964ರಲ್ಲಿ ಆರಂಭವಾದ ಡೇರ್‌ಡೆವಿಲ್ ಕಥಾಮಾಲೆಗೆ ಇವನನ್ನು 1981ರಲ್ಲಿ ತಂದವನು ಫ್ರಾಂಕ್ ಮಿಲ್ಲರ್ ಎಂಬ ಲೇಖಕ ಮತ್ತು ಚಿತ್ರಕಾರ. ಕಥೆಯ ನಾಯಕ ಮ್ಯಾಟ್ ಮರ್ಡಾಕ್ ಬಾಲಕನಾಗಿದ್ದಾಗ, ವಾಹನದಡಿಗೆ ಸಿಲುಕಲಿದ್ದ ಮುದುಕನೊಬ್ಬನನ್ನು ಉಳಿಸಲು ಹೋಗಿ ವಿಕಿರಣ ವಸ್ತುವಿನಿಂದ ದೃಷ್ಟಿಯನ್ನು ಕಳೆದುಕೊಳ್ಳುತ್ತಾನೆ. ಉಳಿದ ಇಂದ್ರಿಯಗಳು ಮಾತ್ರ ಅತಿಯಾಗಿ ಚುರುಕಾಗುತ್ತವೆ. ಎಲ್ಲ ಸದ್ದುಗಳೂ ಒಮ್ಮೆಲೇ ಕಿವಿಗೆ ಅಪ್ಪಳಿಸಿದರೆ ಅದು ವರವಲ್ಲ, ಹಿಂಸೆ. ಆ ಗದ್ದಲದ ನಡುವೆ ಬೇಕಾದುದನ್ನಷ್ಟೇ ಆಲಿಸುವ ನಿಗ್ರಹವನ್ನು ಸ್ಟಿಕ್ ಅವನಿಗೆ ಕಲಿಸುತ್ತಾನೆ. ಸ್ವಾರಸ್ಯವೆಂದರೆ, ಈ ಗುರುವೂ ಕುರುಡನೇ. ಕಣ್ಣಿಲ್ಲದವನು ಕಣ್ಣಿಲ್ಲದವನಿಗೆ ದಾರಿ ತೋರುತ್ತಾನೆ. ಅವನು ಅನುಕಂಪ ತೋರುವುದಿಲ್ಲ, ಕೆಲಸ ಕೊಡುತ್ತಾನೆ. ಕಥೆಯ 1993ರ ಮರುನಿರೂಪಣೆಯಲ್ಲಿ, ತಂದೆಯನ್ನು ಕೊಂದವರ ಮೇಲಿನ ರೋಷದಲ್ಲಿ ಶಿಷ್ಯನು ಹೋರಾಡುವಾಗ ನಿರಪರಾಧಿ ಹೆಂಗಸೊಬ್ಬಳು ಸಾಯುತ್ತಾಳೆ. ಆಗ ಗುರು ಅವನನ್ನು ತೊರೆದುಬಿಡುತ್ತಾನೆ. ಸಿಟ್ಟಿನ ಕೈಗೆ ಸಿಕ್ಕ ವಿದ್ಯೆ ವಿದ್ಯೆಯಲ್ಲ ಎಂಬುದು ಅವನ ತೀರ್ಪು.

ಕನ್ನಡದ ಮಕ್ಕಳಿಗೂ ಚಿತ್ರಕಥೆಯ ಪರಿಚಯ ಹೊಸದಲ್ಲ. ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ. ಕೆ. ಅನಂತರಾಂ ಅವರ ಉತ್ಸಾಹದಿಂದ 1965ರಲ್ಲಿ ಅಮರ ಚಿತ್ರಕಥೆಯ ಮೊದಲ ಪ್ರಯೋಗ ನಡೆದುದು ಕನ್ನಡದಲ್ಲಿಯೇ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ (1929-2011) ಆ ಮಾಲೆಯನ್ನು ಸಂಪಾದಿಸಿ ನಾಡಿನ ಮನೆಮನೆಗೂ ಮುಟ್ಟಿಸಿದರು. ಪುರಾಣದ ವೀರರೊಡನೆ ಅವರ ಗುರುಗಳೂ ಚಿತ್ರಗಳಲ್ಲಿ ಮೂಡಿದರು. ಅವರಲ್ಲಿ ಶಸ್ತ್ರವಿದ್ಯೆಯ ಆಚಾರ್ಯನೆಂದೊಡನೆ ನೆನಪಾಗುವವನು ದ್ರೋಣ.

ದ್ರೋಣನ ಕಥೆಯಲ್ಲಿಯೂ ಗುರು ಕಠೋರನಾಗುತ್ತಾನೆ. ಬೇಡರ ಹುಡುಗ ಏಕಲವ್ಯನು ಗುರುವಿನ ಮಣ್ಣಿನ ಪ್ರತಿಮೆಯ ಮುಂದೆ ಕಾಡಿನಲ್ಲಿ ತಾನೇ ಅಭ್ಯಾಸ ಮಾಡಿ ಅಸಾಮಾನ್ಯ ಬಿಲ್ಲುಗಾರನಾದ. ಅರ್ಜುನನಿಗೆ ಸಮಾನರಿಲ್ಲದಂತೆ ಮಾಡುವೆನೆಂದು ಮಾತು ಕೊಟ್ಟಿದ್ದ ದ್ರೋಣನು ಅವನ ಬಲಗೈ ಹೆಬ್ಬೆರಳನ್ನೇ ದಕ್ಷಿಣೆಯಾಗಿ ಕೇಳಿದ. ಸ್ಟಿಕ್ ಶಿಷ್ಯನನ್ನು ದಂಡಿಸಿದ್ದು ಶಿಷ್ಯನ ತಪ್ಪಿಗಾಗಿ. ಏಕಲವ್ಯನು ಮಾಡಿದ ತಪ್ಪೇನು? ಕಠೋರತೆ ಎರಡರಲ್ಲಿಯೂ ಇದೆ, ನ್ಯಾಯ ಎರಡರಲ್ಲಿಯೂ ಇಲ್ಲ. ಗುರುವನ್ನು ಗೌರವಿಸುವುದು ಶಿಷ್ಯನ ಧರ್ಮವಾದರೆ, ಆ ಗೌರವಕ್ಕೆ ತಕ್ಕಂತೆ ನಡೆಯುವುದು ಗುರುವಿನ ಧರ್ಮ. ಕಥೆಯನ್ನು ಓದುವವರು ಇವೆರಡನ್ನೂ ತೂಗಿ ನೋಡಬೇಕು.

ಚಿತ್ರಕಥೆಯ ಇನ್ನೊಂದು ಗುಣವನ್ನೂ ಗಮನಿಸಬೇಕು. ಒಂದು ಚೌಕದಲ್ಲಿ ಬಾಲಕನು ಗುರುವಿಗೆ ನಮಸ್ಕರಿಸುತ್ತಾನೆ; ಮುಂದಿನ ಚೌಕದಲ್ಲಿ ಅವನು ಎದೆಯುಬ್ಬಿಸಿ ನಿಂತ ತರುಣನಾಗಿರುತ್ತಾನೆ. ಎರಡರ ನಡುವೆ ಇರುವುದು ಬೆರಳಿಗಿಂತ ಕಿರಿದಾದ ಬಿಳಿಯ ಗೆರೆ. ಹತ್ತು ಹನ್ನೆರಡು ವರ್ಷಗಳ ಬೆವರು, ಸೋಲು, ಬೇಸರಗಳು ಆ ಗೆರೆಯಲ್ಲಿ ಅಡಗಿಬಿಡುತ್ತವೆ. ಚಿತ್ರಕಾರನು ಅವನ್ನು ಬಿಟ್ಟುಬಿಡಬಹುದು, ಕಲಿಯುವವನು ಬಿಡುವಂತಿಲ್ಲ.

ನಮ್ಮ ಗರಡಿಮನೆಗಳಿಗೆ ಹೋದರೆ ಆ ಗೆರೆಯೊಳಗಿನ ಬದುಕು ಕಣ್ಣಿಗೆ ಕಾಣುತ್ತದೆ. ಹುಡುಗರು ಆಂಜನೇಯನಿಗೆ ಕೈಮುಗಿದು, ಮಟ್ಟಿಯ ಕೆಂಪು ಮಣ್ಣನ್ನು ಮುಟ್ಟಿ ಹಣೆಗೊತ್ತಿಕೊಳ್ಳುತ್ತಾರೆ. ಮಣ್ಣನ್ನು ಅಗೆದು ಹದಗೊಳಿಸುವುದೂ ಅವರದೇ ಕೆಲಸ. ಬಳಿಕ ದಂಡ, ಬಸ್ಕಿ. ಪಟ್ಟುಗಳನ್ನು ಹೇಳಿಕೊಡುವುದು ಅನಂತರ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್ ಅವರು ಸೂರ್ಯನಮಸ್ಕಾರವನ್ನೂ ಭಾರವೆತ್ತುವ ಸಾಧನೆಯನ್ನೂ ಜೊತೆಗೂಡಿಸಿ ಕಲಿಸಿದರು. ದೂರದವರಿಗೆ ಅಂಚೆಯ ಮೂಲಕವೂ ಪಾಠಗಳನ್ನು ಕಳುಹಿಸಿದರು. ಅಂಗಸಾಧನೆಯ ಈ ಗುರುವೇ ‘ಶಾಂತಲಾ’, ‘ರೂಪದರ್ಶಿ’ ಎಂಬ ಕಾದಂಬರಿಗಳ ಕರ್ತೃವೂ ಹೌದು. ತೋಳಿನ ಬಲಕ್ಕೂ ಮನಸ್ಸಿನ ಮಾರ್ದವಕ್ಕೂ ವಿರೋಧವಿಲ್ಲವೆಂಬುದಕ್ಕೆ ಅವರ ಬಾಳೇ ನಿದರ್ಶನ.

ದುರ್ಬಲನಾದವನು, ಬಲಶಾಲಿಗಳಿಂದ ನೊಂದವನು ಶಕ್ತಿಯನ್ನು ಬಯಸುವುದು ಸಹಜ. ಶಕ್ತಿಯನ್ನು ವರವಾಗಿ ಪಡೆದ ನಾಯಕನ ಕಥೆ ಅವನನ್ನು ಅರೆಗಳಿಗೆ ಸಂತೋಷಪಡಿಸಬಹುದು. ಆದರೆ ಪುಸ್ತಕ ಮುಚ್ಚಿದ ಮೇಲೆ ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಗುರುವಿನ ಕಥೆ ಹಾಗಲ್ಲ. ಶಕ್ತಿಯನ್ನು ದಿನದಿನವೂ ಗಳಿಸಬಹುದು, ಗಳಿಸಿದುದನ್ನು ಹಿಡಿತದಲ್ಲಿಡಬೇಕು ಎಂಬ ಎರಡು ಮಾತುಗಳನ್ನು ಅದು ಉಳಿಸಿಹೋಗುತ್ತದೆ. ಉದ್ಯಾನದ ಹುಲ್ಲಿನ ಮೇಲೆ ಕಾಲೂರಿ ನಿಲ್ಲಲು ಕಲಿಯುತ್ತಿರುವ ಮಗು ಆ ಬಿಳಿಯ ಗೆರೆಯೊಳಗೆ ಈಗಷ್ಟೇ ಕಾಲಿಟ್ಟಿದೆ. ನೆಗೆಯುವ ದಿನ ತಡವಾಗಿ ಬಂದೀತು. ಬಂದಾಗ ಅದು ಬೀಳುವುದಿಲ್ಲ, ಯಾರನ್ನೂ ಕಾರಣವಿಲ್ಲದೆ ಬೀಳಿಸುವುದೂ ಇಲ್ಲ.