ಒಂದೇ ಕೊಟ್ಟಿಗೆ, ಹಲವು ಬೆಳಕು

ಛಾಯಾಗ್ರಹಣಕ್ಕೆ ಬೆಳಕೇ ಮೂಲದ್ರವ್ಯ. ಅದರ ಸ್ವಭಾವವನ್ನು ಅರಿಯಬಯಸುವ ವಿದ್ಯಾರ್ಥಿಯು ಹಲವು ವಸ್ತುಗಳ ಬೆನ್ನು ಹತ್ತುವುದಕ್ಕಿಂತ, ನಿಶ್ಚಲವಾದ ಒಂದೇ ವಸ್ತುವನ್ನು ವರ್ಷವಿಡೀ ಅವಲೋಕಿಸುವುದು ಲೇಸು. ಅಮೆರಿಕದ ವಯೋಮಿಂಗ್ ರಾಜ್ಯದ ಮೌಲ್ಟನ್ ಕೊಟ್ಟಿಗೆಯು ಇದಕ್ಕೊಂದು ಉತ್ತಮ ನಿದರ್ಶನ.

ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದ ಮಾರ್ಮನ್ ರೋ ಎಂಬಲ್ಲಿ ಈ ಮರದ ಕಟ್ಟಡವಿದೆ. ಥಾಮಸ್ ಆಲ್ಮಾ ಮೌಲ್ಟನ್ ಎಂಬ ರೈತನು 1913ರ ಸುಮಾರಿಗೆ ಇದನ್ನು ಕಟ್ಟತೊಡಗಿದನು. ದೀರ್ಘ ಚಳಿಗಾಲದ ಆ ಸೀಮೆಯಲ್ಲಿ ಕುದುರೆಗಳಿಗೆ ಆಸರೆ, ಮೇವಿಗೆ ಅಟ್ಟ ಎಂದು ಭಾಗಭಾಗವಾಗಿ ಬೆಳೆದ ಕೊಟ್ಟಿಗೆಯು ಪೂರ್ಣಗೊಳ್ಳಲು ಸುಮಾರು 30 ವರ್ಷಗಳು ಬೇಕಾದವು.

ಟೀಟನ್ ಪರ್ವತಗಳು ಕೊಟ್ಟಿಗೆಯ ಪಶ್ಚಿಮಕ್ಕಿವೆ. ಆದುದರಿಂದ ಸೂರ್ಯೋದಯದ ಬೆಳಕು ಮೊದಲು ಶಿಖರಗಳನ್ನು ಕೆಂಪಾಗಿಸಿ, ಅನಂತರ ಕೊಟ್ಟಿಗೆಯ ಪೂರ್ವದ ಮುಂಗೋಡೆಗೆ ಇಳಿಯುತ್ತದೆ. ಸಂಜೆ ಸೂರ್ಯನು ಪರ್ವತದ ಹಿಂದೆ ಸರಿದಾಗ ಅದೇ ಗೋಡೆ ನೆರಳಿನಲ್ಲಿರುತ್ತದೆ. ಆಗ ಆಕಾಶಕ್ಕೆ ತಕ್ಕಂತೆ ಬೆಳಕನ್ನು ಅಳೆದರೆ ಕೊಟ್ಟಿಗೆಯು ಕಪ್ಪು ಆಕೃತಿ ಮಾತ್ರವಾಗುತ್ತದೆ.

ಋತುಭೇದವೂ ಗಮನಾರ್ಹವಾದುದು. ಅಲ್ಲಿ ಸೂರ್ಯನು ಜೂನಿನಲ್ಲಿ ಈಶಾನ್ಯದಲ್ಲಿಯೂ ಡಿಸೆಂಬರಿನಲ್ಲಿ ಆಗ್ನೇಯದಲ್ಲಿಯೂ ಉದಯಿಸುತ್ತಾನೆ. ನಡುಹಗಲಿನಲ್ಲಿ ಅವನ ಎತ್ತರವು ಜೂನಿನ ಕೊನೆಗೆ ಸುಮಾರು 70 ಡಿಗ್ರಿ, ಡಿಸೆಂಬರಿನ ಕೊನೆಗೆ ಕೇವಲ 23 ಡಿಗ್ರಿ. ಹಿಮ ಹೊದ್ದ ನೆಲವನ್ನು ತೆಗೆಯುವಾಗ ಇನ್ನೊಂದು ಎಚ್ಚರವೂ ಅವಶ್ಯ. ಬೆಳಕುಮಾಪಕವು ಹಿಮದ ಬಿಳುಪನ್ನು ಬೂದುಬಣ್ಣವೆಂದೇ ಎಣಿಸುವುದರಿಂದ, ಒಂದರಿಂದ ಎರಡು ಸ್ಟಾಪಿನಷ್ಟು ಹೆಚ್ಚು ಬೆಳಕು ಕೊಡಬೇಕು.

ಅನೇಕರು ಮುಂಜಾವಿನ ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ಅದರಲ್ಲಿ ಪರ್ವತದ ವೈಭವವಿದೆ. ಕೊಟ್ಟಿಗೆ ಅದಕ್ಕೊಂದು ಅಲಂಕಾರವಷ್ಟೆ. ಆದರೆ ಚಳಿಗಾಲದ ದಿನ ನಡುಹಗಲು ಸಮೀಪಿಸಿದಂತೆ, ದಕ್ಷಿಣದ ತಗ್ಗಿನ ಸೂರ್ಯನ ಕಿರಣಗಳು ಮುಂಗೋಡೆಯನ್ನು ಓರೆಯಾಗಿ ಸವರುತ್ತವೆ. ಸಮಬೆಳಕಿನಲ್ಲಿ ಮರೆಯಾಗಿದ್ದ ಮರದ ಬಿರುಕು, ಜೋಡಣೆ, ಸವೆತಗಳು ಆಗ ಎದ್ದು ತೋರುತ್ತವೆ. ಕಟ್ಟಿದವರ ದುಡಿಮೆಯು ಕಣ್ಣಿಗೆ ಬೀಳುವುದು ಆ ಹೊತ್ತಿನಲ್ಲಿಯೇ.

ಮಾರ್ಮನ್ ರೋ ಪ್ರದೇಶವು 1997ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಕೊಟ್ಟಿಗೆ ಉಳಿದಿದೆ; ಅದನ್ನು ಕಟ್ಟಿಸಿದ ಬೇಸಾಯದ ಬದುಕು ಅಲ್ಲಿ ಉಳಿದಿಲ್ಲ. ಹೀಗಿರುವಲ್ಲಿ ಆ ಬದುಕಿನ ಗುರುತುಗಳನ್ನು ಕಾಣಿಸುವ ಬೆಳಕಿಗಾಗಿ ಕಾಯುವುದು ಛಾಯಾಗ್ರಾಹಕನ ಕರ್ತವ್ಯ.

ವಿದ್ಯಾರ್ಥಿಗಳು ಸಮೀಪದ ಹಳೆಯ ಕಟ್ಟಡವೊಂದನ್ನು ಆರಿಸಿಕೊಂಡು, ಒಂದೇ ಸ್ಥಳದಲ್ಲಿ ನಿಂತು ಪ್ರತಿ ತಿಂಗಳೂ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಚಿತ್ರ ತೆಗೆಯಲಿ. ದಿನಾಂಕ, ಸಮಯ, ದಿಕ್ಕುಗಳನ್ನು ಬರೆದಿಡಲಿ. ವರ್ಷಾಂತ್ಯಕ್ಕೆ ಆ ಚಿತ್ರಗಳನ್ನು ಸಾಲಾಗಿ ಇರಿಸಿ ನೋಡಿದರೆ, ಆ ಕಟ್ಟಡವನ್ನು ಚೆನ್ನಾಗಿ ತೋರುವ ಹೊತ್ತು ಯಾವುದೆಂಬುದು ತಾನಾಗಿ ತಿಳಿಯುತ್ತದೆ.