ಪ್ರೋತ್ಸಾಹಧನ ಮತ್ತು ಕಲಿಕೆ: ಬಹುಮಾನ ಅಂಕಕ್ಕೋ, ಅಭ್ಯಾಸಕ್ಕೋ?

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದೊಡನೆ ಹೆಚ್ಚು ಅಂಕ ಪಡೆದವರನ್ನು ಸನ್ಮಾನಿಸಿ ನಗದು ಬಹುಮಾನ ನೀಡುವುದು ನಮ್ಮಲ್ಲಿ ರೂಢಿಯಲ್ಲಿದೆ. ಈ ಹಣ ಕಲಿಕೆಯನ್ನು ನಿಜಕ್ಕೂ ಹೆಚ್ಚಿಸುವುದೇ ಎಂಬುದನ್ನು ಮುಖ್ಯ ಶಿಕ್ಷಕರು, ಎಸ್.ಡಿ.ಎಂ.ಸಿ. ಸದಸ್ಯರು ಹಾಗೂ ಗ್ರಾಮ ಪಂಚಾಯತಿ ಪ್ರತಿನಿಧಿಗಳು ವಿವೇಚಿಸುವುದು ಅವಶ್ಯ.

ಅಮೆರಿಕದ ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್ ಅವರು ಈ ಕುರಿತು ಹಲವು ನಗರಗಳಲ್ಲಿ ನಡೆಸಿದ ಪ್ರಯೋಗಗಳ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ನ್ಯೂಯಾರ್ಕ್‌ನಲ್ಲಿ ಪರೀಕ್ಷೆಯ ಅಂಕಗಳಿಗೆ ಹಣ ನೀಡಿದರೂ ಸಾಧನೆ ಹೆಚ್ಚಲಿಲ್ಲ. ಡಲ್ಲಾಸ್‌ನಲ್ಲಿ 2ನೇ ತರಗತಿಯ ಮಕ್ಕಳು ಪುಸ್ತಕವೊಂದನ್ನು ಓದಿ, ಅದರ ಮೇಲಿನ ಕಿರುಪರೀಕ್ಷೆಯಲ್ಲಿ ತೇರ್ಗಡೆಯಾದಾಗ 2 ಡಾಲರ್ ನೀಡಲಾಯಿತು. ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದ ಮಕ್ಕಳ ಓದಿನ ಗ್ರಹಿಕೆ ಸುಧಾರಿಸಿತಾದರೂ, ಎಲ್ಲ ಮಕ್ಕಳನ್ನೂ ಪರಿಗಣಿಸಿದಾಗ ಒಟ್ಟಾರೆ ಪರಿಣಾಮ ಸ್ಪಷ್ಟವಾಗಿ ಕಾಣಲಿಲ್ಲ. ಅಂಕ ಗಳಿಸುವ ಆಸೆ ಇದ್ದರೂ ಅದನ್ನು ಗಳಿಸುವ ಬಗೆ ಮಗುವಿಗೆ ತಿಳಿದಿರುವುದಿಲ್ಲ. ಪುಸ್ತಕ ಓದುವುದಾದರೋ ಅದರ ಕೈಯಲ್ಲಿಯೇ ಇದೆ.

ನಮ್ಮ ಮಕ್ಕಳಿಗೆ ಲಭ್ಯವಿರುವ ಪ್ರಮುಖ ಅವಕಾಶವೆಂದರೆ 2008ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರತಿಭಾ ಹಾಗೂ ಆದಾಯಾಧಾರಿತ ವಿದ್ಯಾರ್ಥಿವೇತನ (ಎನ್.ಎಂ.ಎಂ.ಎಸ್.). ಸರ್ಕಾರಿ, ಅನುದಾನಿತ ಹಾಗೂ ಸ್ಥಳೀಯ ಸಂಸ್ಥೆಗಳ ಶಾಲೆಗಳ 8ನೇ ತರಗತಿಯ ಮಕ್ಕಳು ಈ ಪರೀಕ್ಷೆ ಬರೆಯಬಹುದು. ಪಾಲಕರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದವರಿಗೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿಯಂತೆ ಒಟ್ಟು 48,000 ರೂಪಾಯಿ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಆದರೆ ಪ್ರತಿ ವರ್ಷ ನವೀಕರಣ ಕಡ್ಡಾಯ. ಮೊದಲ ಯತ್ನದಲ್ಲಿಯೇ ತೇರ್ಗಡೆಯಾಗಬೇಕು. 10ನೇ ತರಗತಿಯಲ್ಲಿ ಶೇ. 60 ಅಂಕ (ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 55) ಪಡೆಯಬೇಕು.

ತಂದೆತಾಯಿ ಕಬ್ಬು ಕಡಿಯಲು ಗುಳೆ ಹೋದಾಗ ಜೊತೆಯಲ್ಲಿ ಹೋದ ಮಗುವಿಗೆ, ಅಥವಾ ತೋಟದ ಕೂಲಿಗಾಗಿ ಶಾಲೆ ತಪ್ಪಿಸುವ ಮಗುವಿಗೆ ಈ ಮೊತ್ತ ಕೇವಲ ಕಾಗದದ ಮೇಲಿನ ಅಂಕಿಯಾಗಿ ಉಳಿಯುತ್ತದೆ. ಹಣದ ಆಸೆಯೊಂದೇ ಅಂತಹ ಮಗುವನ್ನು ದಡ ಸೇರಿಸದು. ಆದುದರಿಂದ ವಿಜಯಪುರ ನಗರ, ತಿಕೋಟಾ ಹಾಗೂ ಬಬಲೇಶ್ವರ ಭಾಗದ ಶಾಲೆಗಳು ಈ ಕ್ರಮಗಳನ್ನು ಪರಿಶೀಲಿಸಬಹುದು:

1. 7ನೇ ತರಗತಿಯಿಂದಲೇ ಬೌದ್ಧಿಕ ಸಾಮರ್ಥ್ಯದ ಪ್ರಶ್ನೆಗಳನ್ನು ವಾರಕ್ಕೊಮ್ಮೆ ಬಿಡಿಸಿ ಅಭ್ಯಾಸ ಮಾಡಿಸುವುದು.

2. ದಾನಿಗಳ ನೆರವಿನ ಬಹುಮಾನವನ್ನು ಮೊದಲ ಸ್ಥಾನಕ್ಕಷ್ಟೇ ಮೀಸಲಿಡದೆ, ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ಪುಸ್ತಕ ಓದಿ ಸಾರಾಂಶ ಹೇಳಿದ ಪ್ರತಿ ಮಗುವಿಗೂ ತಲುಪಿಸುವುದು.

3. ಗುಳೆ ಹೋಗುವ ಕುಟುಂಬಗಳ ಪಟ್ಟಿಯನ್ನು ಮುಂಚಿತವಾಗಿ ಸಿದ್ಧಪಡಿಸಿ, ಮಗು ಊರಿನಲ್ಲಿಯೇ ಉಳಿದು ಓದುವಂತೆ ಪಾಲಕರ ಮನವೊಲಿಸುವುದು.

4. ಆಯ್ಕೆಯಾದ ಮಕ್ಕಳ ಬ್ಯಾಂಕ್ ಖಾತೆ ಹಾಗೂ ನವೀಕರಣದ ದಿನಾಂಕವನ್ನು ಶಾಲಾ ದಾಖಲೆಯಲ್ಲಿ ನಮೂದಿಸಿ, ಪಾಲಕರ ಸಭೆಯಲ್ಲಿ ತಿಳಿಸುವುದು.

ಬಹುಮಾನವು ಗೆದ್ದವರನ್ನು ಗುರುತಿಸುತ್ತದೆ. ಹಿಂದುಳಿದ ಮಗುವಿಗೆ ದಾರಿ ತೋರಿಸುವ ಹೊಣೆ ಶಾಲೆ ಹಾಗೂ ಊರಿನದಾಗಿದೆ.